ಲೊಂಬೊಕ್ ದ್ವೀಪದ ‘ಹಾಗೆ–ಹೀಗೆ’

ಇಂಡೊನೇಷ್ಯಾದ ಲೊಂಬೊಕ್ ದ್ವೀಪದಲ್ಲಿ ಸಸಕ್ ಭಾಷೆ ಆಡುವವರನ್ನು ‘ನಿಮ್ಮದು ಯಾವ ಕಡೆಯ ಮಾತು?’ ಎಂದು ಕೇಳಿದರೆ ‘ಬಡಗಣದ್ದು, ತೆಂಕಣದ್ದು’ ಎಂಬ ಉತ್ತರ ಬರುವುದಿಲ್ಲ. ಒಬ್ಬರು ‘ನಮ್ಮದು ಮೆನೊ-ಮೆನೆ’ ಎನ್ನುತ್ತಾರೆ. ಇನ್ನೊಬ್ಬರು ‘ನಮ್ಮದು ಙೆನೊ-ಙೆನೆ’ ಎನ್ನುತ್ತಾರೆ. ಎರಡರ ಅರ್ಥವೂ ಒಂದೇ: ‘ಹಾಗೆ-ಹೀಗೆ’. ಪಡುವಣ ಕರಾವಳಿಯಿಂದ ಮೂಡಣ ಕರಾವಳಿಯವರೆಗೆ ದ್ವೀಪದ ನಡುಪಟ್ಟಿಯಲ್ಲಿ ಹಬ್ಬಿರುವುದು ಙೆನೊ-ಙೆನೆ. ಪ್ರಾಯ, ಪುಯುಂಗ್ ಸುತ್ತಿನದು ಮೆನೊ-ಮೆನೆ. ಈಶಾನ್ಯದಲ್ಲಿ ಸುರಾಲಾಗ ಮತ್ತು ಸೆಂಬಾಲುನ್ ಕಡೆಯದು ಙೆತೊ-ಙೆತೆ. ಬಡಗಣದ ಬಾಯಾನ್‌ನಲ್ಲಿ ಕುತೊ-ಕುತೆ. ತೆಂಕಣದ ಪುಜುತ್, ಸೆಂಕೊಲ್‌ಗಳಲ್ಲಿ ಮೆರಿಯಾಕ್-ಮೆರಿಕು. ಒಂದೇ ದ್ವೀಪ, ಐದು ಉಪಭಾಷೆ. ಐದಕ್ಕೂ ಹೆಸರು ಕೊಟ್ಟದ್ದು ಅರಸನಲ್ಲ, ನದಿಯಲ್ಲ, ಕುಲವಲ್ಲ. ತೋರುಬೆರಳಿನ ಜೊತೆ ಬಾಯಿಂದ ಹೊರಡುವ ಸಣ್ಣ ಮಾತು.

ಈ ಹೆಸರುಗಳನ್ನು ಮೊದಲ ಸಲ ಕನ್ನಡದಲ್ಲಿ ಬರೆದುಕೊಂಡಾಗ ನನಗೆ ವಿಚಿತ್ರ ಸಂತೋಷವಾಯಿತು. ಒಂದನೇ ತರಗತಿಯಲ್ಲಿ ತಿದ್ದಿ ತಿದ್ದಿ ಕಲಿತು, ಆಮೇಲೆ ಜನ್ಮದಲ್ಲಿ ಒಂದು ಪದಕ್ಕೂ ಬಳಸದ ‘ಙ’ಗೆ ಕಡೆಗೂ ಕೆಲಸ ಸಿಕ್ಕಿತಲ್ಲ! ನನ್ನ ಕಸುಬೇ ಅಕ್ಷರದ್ದು. ಓಲೆಗರಿಯ ಕಟ್ಟು ಬಿಚ್ಚಿ, ಎಣ್ಣೆ ಸವರಿ, ಗ್ರಂಥ ಯಾವುದು, ಬರೆದವನು ಯಾರು, ಕಾಲ ಯಾವುದು ಎಂದು ಸೂಚಿಗೆ ಬರೆಯುತ್ತ ಕಣ್ಣು ಸವೆಸಿದವಳು ನಾನು. ಆ ಕೆಲಸ ಕಲಿಸುವ ಮೊದಲ ಪಾಠವೆಂದರೆ ದೊಡ್ಡ ಮಾತುಗಳನ್ನು ನಂಬಬೇಡ ಎಂಬುದು. ಅರಸನ ಬಿರುದು ಉಬ್ಬಿರುತ್ತದೆ, ಕವಿಯ ವಂಶಾವಳಿ ಹಿಗ್ಗಿರುತ್ತದೆ. ಲಿಪಿಕಾರ ಯಾವ ಊರಿನವನು, ಯಾರಿಗೆ ಹೆದರುತ್ತಿದ್ದ, ಯಾರನ್ನು ಓಲೈಸುತ್ತಿದ್ದ ಎಂಬುದನ್ನು ಬಿಟ್ಟುಕೊಡುವುದು ಅವನಿಗೇ ಗೊತ್ತಿಲ್ಲದೆ ಕೈಯಿಂದ ಜಾರಿದ ಸಣ್ಣ ಪದಗಳು. ಲೊಂಬೊಕ್‌ನ ಚರಿತ್ರೆಯನ್ನೂ ನಾನು ಆ ತುದಿಯಿಂದಲೇ ಹಿಡಿದೆ.

ಐದು ಹೆಸರುಗಳಲ್ಲಿ ನಾಲ್ಕನ್ನು ಜೋರಾಗಿ ಓದಿದರೆ ಸೂತ್ರ ತಾನಾಗಿ ಕಿವಿಗೆ ಬೀಳುತ್ತದೆ. ಕೊನೆಯಲ್ಲಿ ‘ಒ’ ಬಂದರೆ ದೂರದ್ದು, ‘ಎ’ ಬಂದರೆ ಹತ್ತಿರದ್ದು. ಕನ್ನಡದ ಕಿವಿಗೆ ಇದು ಹೊಸದೇನಲ್ಲ. ನಮ್ಮಲ್ಲಿ ‘ಇ’ ಹತ್ತಿರ, ‘ಅ’ ದೂರ. ಹಳಗನ್ನಡದಲ್ಲಿ ನಡುವಿನದಕ್ಕೆ ‘ಉ’ ಕೂಡ ಇತ್ತು. ಆದರೆ ಮರ್ಯಾದೆಯ ಮಾತು ಬಂದಾಗ ಎರಡು ಭಾಷೆಗಳೂ ಬೇರೆ ದಾರಿ ಹಿಡಿಯುತ್ತವೆ. ನಾವು ಇವನನ್ನು ‘ಇವರು’ ಮಾಡುತ್ತೇವೆ. ಗಂಡನ ಹೆಸರೆತ್ತದ ನಮ್ಮ ಅಜ್ಜಿಯರು ಇಡೀ ಸಂಸಾರವನ್ನು ‘ಇವರು’ ಎಂಬ ಒಂದೇ ಪದದಲ್ಲಿ ನಡೆಸಿದರು. ಪ್ರತ್ಯಯ ಬದಲಾದರೂ ಬುಡದ ‘ಇ’ ಅಲ್ಲೇ ಇರುತ್ತದೆ. ಸಸಕ್‌ನಲ್ಲಿ ಎದುರಿಗಿರುವವರು ದೊಡ್ಡವರಾದರೆ ಪದವೇ ಬದಲಾಗುತ್ತದೆ. ಸೀಮೆಗೊಂದು ಇರುವ ‘ಇದು’ಗಳೆಲ್ಲ ಮಾಯವಾಗಿ ‘ನಿಕಿ’ ಬರುತ್ತದೆ. ‘ಅದು’ಗಳೆಲ್ಲ ಹೋಗಿ ‘ನಿಕೆ’ ಬರುತ್ತದೆ. ಇನ್ನೂ ಒಂದು ಮೆಟ್ಟಿಲು ಏರಿದರೆ ‘ಪುನಿಕಿ’, ‘ಪುನಿಕೆ’.

ನಾನು ಇಲ್ಲಿ ಹೇಳಹೊರಟಿರುವುದು ಇಷ್ಟೇ. ಕೆಳಗಿನ ಮಾತಿನ ‘ಇದು-ಅದು’ಗಳು ಲೊಂಬೊಕ್ ದ್ವೀಪವನ್ನು ಅಡ್ಡಡ್ಡಲಾಗಿ ಐದು ಹೋಳು ಮಾಡುತ್ತವೆ. ಮೇಲಿನ ಮಾತಿನ ‘ಇದು-ಅದು’ಗಳು ಅದೇ ದ್ವೀಪವನ್ನು ಮೇಲೆ-ಕೆಳಗೆ ಎಂದು ಉದ್ದುದ್ದ ಸೀಳುತ್ತವೆ. ಮೊದಲನೆಯವು ಅಲ್ಲೇ ಹುಟ್ಟಿದವು. ಎರಡನೆಯವು ಕಡಲು ದಾಟಿ ಬಂದವು. ಹೇಗೆ ಬಂದವು ಎಂಬುದೇ ಆ ದ್ವೀಪದ ಆರೇಳು ಶತಮಾನಗಳ ರಾಜಕೀಯ.

ಮೊದಲು ಮೆಟ್ಟಿಲುಗಳನ್ನು ಹೇಳಿಬಿಡುತ್ತೇನೆ. ಸಸಕ್ ಸಮಾಜದಲ್ಲಿ ಕುಲೀನರಿಗೆ ಮೆನಾಕ್ ಎನ್ನುತ್ತಾರೆ. ಅವರಲ್ಲಿ ಮೇಲಿನವರ ಹೆಸರಿನ ಮುಂದೆ ಗಂಡಸಾದರೆ ‘ರಾಡೆನ್’, ಹೆಂಗಸಾದರೆ ‘ದೆಂಡ’. ಅದರ ಕೆಳಗಿನವರಲ್ಲಿ ಗಂಡಸು ‘ಲಾಲು’, ಹೆಂಗಸು ‘ಬಾಯಿಕ್’. ಉಳಿದ ರೈತಾಪಿ ಜನ ಜಾಜಾರ್ ಕಾರಾಂಗ್. ಮಕ್ಕಳಾದ ಮೇಲೆ ಸಾಮಾನ್ಯನ ಸ್ವಂತ ಹೆಸರು ಬಳಕೆಯಿಂದ ಸರಿದು ಅವನು ಇಂಥವರ ‘ಅಮಾಕ್’ ಆಗುತ್ತಾನೆ, ಹೆಂಡತಿ ‘ಇನಾಕ್’. ಮೊಮ್ಮಕ್ಕಳು ಹುಟ್ಟಿದರೆ ಇಬ್ಬರೂ ‘ಪಪುಕ್’. ಕುಲೀನರ ಮನೆಯಲ್ಲಿ ಮಾತ್ರ ಅಪ್ಪ ‘ಅಮಾಕ್’ ಅಲ್ಲ, ‘ಮಮಿಕ್’. ಹೀಗೆ ಅಪ್ಪನನ್ನು ಕೂಗುವ ಪದ ಕೇಳಿದರೆ ಸಾಕು, ಗೋಡೆಯಾಚೆ ಇರುವುದು ಯಾರ ಮನೆಯೆಂದು ಗೊತ್ತಾಗುತ್ತಿತ್ತು.

‘ನಾನು’ ಎನ್ನಲೂ ಇದೇ ಬಗೆ. ಸರೀಕರೊಡನೆ ‘ಅಕು’, ಮರ್ಯಾದೆಯಿಂದ ‘ತಿಯಾಂಗ್’, ತೀರಾ ದೊಡ್ಡವರ ಮುಂದೆ ‘ಕಾಜಿ’. ಊಟ ಮಾಡುವುದು ಸಾಮಾನ್ಯ ಮಾತಿನಲ್ಲಿ ‘ಮಙಾನ್’. ಅದೇ ಅನ್ನ, ಅದೇ ಕೈ, ಮರ್ಯಾದೆಯ ಮಾತಿನಲ್ಲಿ ‘ಮೆದಾರಾನ್’. ಇಂಥ ಮಾತಿಗೆಲ್ಲ ಒಟ್ಟು ಹೆಸರು ‘ಬಾಸ ಅಲುಸ್’, ನಯವಾದ ಭಾಷೆ. ಹೆಚ್ಚಿನ ಅಲುಸ್ ಪದಗಳನ್ನು ಬೇಕೆಂದರೆ ತಪ್ಪಿಸಬಹುದು. ಊಟದ ಸುದ್ದಿ ಎತ್ತದೆ, ನಿದ್ದೆಯ ಸುದ್ದಿ ಎತ್ತದೆ ಒಂದು ಗಂಟೆ ಹರಟಬಹುದು. ‘ಇದು’ ‘ಅದು’ ಎನ್ನದೆ ಐದು ನಿಮಿಷ ಮಾತಾಡಿ ನೋಡೋಣ! ಹಾಗಾಗಿ ದರ್ಜೆಯ ಮೊಹರು ಅತಿ ಹೆಚ್ಚು ಬಾರಿ ಬಿದ್ದದ್ದು ಈ ಎರಡು ಪುಟ್ಟ ಪದಗಳ ಮೇಲೆ.

ಪ್ರಾಯದ ಸಮೀಪದ ಒಂದು ಹಳ್ಳಿಯಲ್ಲಿ ಇದನ್ನು ಕಣ್ಣಾರೆ ಕಂಡೆ. ನನ್ನನ್ನು ಕೂರಿಸಿದ್ದು ಬೆರುಗಾಕ್‌ನಲ್ಲಿ. ಅದು ನಾಲ್ಕೋ ಆರೋ ಕಂಬದ ಮೇಲೆ ಹುಲ್ಲಿನ ಮಾಡು ಹೊತ್ತು ನಿಂತ, ಗೋಡೆಯಿಲ್ಲದ ಜಗಲಿ. ಅತಿಥಿ ಬಂದರೂ ಅಲ್ಲೇ, ಪಂಚಾಯಿತಿ ನಡೆದರೂ ಅಲ್ಲೇ. ಮನೆಯ ಯಜಮಾನರು ನಿವೃತ್ತ ಶಾಲಾಮೇಷ್ಟ್ರು, ಹೆಸರಿನ ಮುಂದೆ ‘ಲಾಲು’ ಇರುವವರು. ಕಾಫಿ ಬಂತು. ನೆರೆಯ ರೈತರೊಬ್ಬರು ತಂಬಾಕಿನ ಎಲೆಯ ಒಂದು ಹಿಡಿ ತಂದು, ಜಗಲಿಯ ಅಂಚಿನಲ್ಲಿ ಕೂತು ಮೇಷ್ಟ್ರಿಗೆ ತೋರಿಸಿದರು. ಆ ಎಲೆ ಮೇಷ್ಟ್ರ ಮುಂದೆ ‘ನಿಕಿ’ ಆಗಿತ್ತು. ಪಕ್ಕದಲ್ಲಿ ನಿಂತಿದ್ದ ಸ್ವಂತ ಮಗನಿಗೆ ಕಟ್ಟುವ ರೀತಿ ತೋರಿಸುವಾಗ ‘ಮೆನೆ, ಮೆನೆ’ — ಹೀಗೆ, ಹೀಗೆ. ಒಂದೇ ಎಲೆ, ಒಂದೇ ಬಾಯಿ, ಕತ್ತು ತಿರುಗಿದಷ್ಟರಲ್ಲಿ ಪದ ಬದಲು. ಮೇಷ್ಟ್ರು ಉತ್ತರ ಕೊಟ್ಟದ್ದು ಸಾಮಾನ್ಯ ಮಾತಿನಲ್ಲಿ. ರೈತರ ತಲೆ ಪೂರ್ತಿ ನೆರೆತಿತ್ತು. ಮೇಷ್ಟ್ರು ಅವರಿಗಿಂತ ಚಿಕ್ಕವರು. ವಯಸ್ಸು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಕೈಗೂ ಅಲುಸ್ ಇದೆ. ಆ ರೈತರು ಎಲೆಯ ನರವನ್ನು ತೋರಿಸಿದ್ದು ತೋರುಬೆರಳಿನಿಂದಲ್ಲ, ಬಲಗೈಯ ಹೆಬ್ಬೆರಳಿನಿಂದ. ಉಳಿದ ಬೆರಳುಗಳು ಮಡಚಿದ್ದವು. ಜಾವಾ, ಬಾಲಿ, ಲೊಂಬೊಕ್ ಮೂರರಲ್ಲೂ ಹಿರಿಯರ ಮುಂದೆ ತೋರುಬೆರಳು ಚಾಚುವುದು ಒರಟುತನ. ಕುಳಿತವರ ಮುಂದೆ ಹಾದುಹೋಗಬೇಕಾದರೆ ಬೆನ್ನು ಬಾಗಿಸಿ, ಬಲಗೈ ನೆಲದತ್ತ ಇಳಿಬಿಟ್ಟು, ‘ತಾಬೇಕ್’ ಎನ್ನುತ್ತ ಹೋಗುತ್ತಾರೆ. ಬಾಯಿ ‘ನಿಕಿ’ ಅನ್ನುವಾಗ ಬೆರಳು ತನ್ನ ಪಾಡಿಗೆ ‘ಮೆನೆ’ ಅನ್ನುವಂತಿಲ್ಲ.

‘ಈ ನಿಕಿ ಎಲ್ಲಿಂದ ಬಂತು ಮೇಷ್ಟ್ರೇ?’ ಎಂದು ಕೇಳಿದ್ದಕ್ಕೆ ಅವರು ನಕ್ಕು, ‘ಇಬು (ಅಮ್ಮಾ), ಹೆಬ್ಬೆರಳು ಎಲ್ಲಿಂದ ಬಂತೋ ಅಲ್ಲಿಂದ’ ಎಂದು ಪಡುವಣ ದಿಕ್ಕಿಗೆ ಹೆಬ್ಬೆರಳು ಚಾಚಿದರು. ಪಡುವಣಕ್ಕೆ ಬಾಲಿ, ಅದರಾಚೆ ಜಾವಾ. ಉತ್ತರ ಸರಿಯಾಗಿಯೇ ಇತ್ತು.

ಜಾವಾದ ನೆರಳು ಮೊದಲು ಬಿದ್ದದ್ದು. 1365ರಲ್ಲಿ ಮಜಪಹಿತ್ ಆಸ್ಥಾನದ ಪ್ರಪಂಚ ಎಂಬ ಕವಿ ‘ನಾಗರಕೃತಾಗಮ’ ಎಂದು ಹೆಸರಾದ ಕಾವ್ಯ ಬರೆದ. ತನ್ನ ಅರಸನಿಗೆ ತಲೆಬಾಗುವ ನಾಡುಗಳ ಪಟ್ಟಿಯಲ್ಲಿ ಲೊಂಬೊಕ್ ಮತ್ತು ಸಸಕ್ ಎರಡೂ ಹೆಸರುಗಳನ್ನು ಸೇರಿಸಿದ. ಮಜಪಹಿತ್ ಅಲ್ಲಿ ನಿಜಕ್ಕೂ ಎಷ್ಟು ಆಳಿತು ಎಂಬುದು ಬೇರೆ ವಿಚಾರ. ಕವಿಗಳ ಪಟ್ಟಿಯಲ್ಲಿ ನಾಡುಗಳು ಸುಲಭವಾಗಿ ಸೋಲುತ್ತವೆ. ಆದರೆ ಜಾವಾದ ಅಕ್ಷರ, ಜಾವಾದ ಛಂದಸ್ಸು, ಜಾವಾದ ನಯಗಾರಿಕೆ ಇಲ್ಲಿಗೆ ಬಂದು ನೆಲೆನಿಂತವು. ಮುಂದೆ 16ನೇ ಶತಮಾನದಲ್ಲಿ ಇಸ್ಲಾಂ ಬಂದದ್ದೂ ಜಾವಾದಿಂದಲೇ ಎಂದು ಲೊಂಬೊಕ್‌ನ ‘ಬಬದ್’ ಎಂಬ ಪರಂಪರೆಯ ಚರಿತ್ರೆಗಳು ಹೇಳುತ್ತವೆ. ಗಿರಿ ಎಂಬ ಊರಿನ ಸಂತರ ಮನೆತನದ ಸುನಾನ್ ಪ್ರಪೇನ್ ಅದನ್ನು ತಂದರಂತೆ. ಹೀಗೆ ಹೊಸ ಧರ್ಮವೂ ಹಳೆಯ ಭಾಷೆಯ ಕೈ ಹಿಡಿದೇ ಬಂತು. ಮೂಡಣದ ಸೆಲಪರಾಂಗ್ ಅರಸುಮನೆತನದವರು ಮುಸಲ್ಮಾನರಾದರು; ಅವರ ಓಲೆಗರಿಗಳು ಜಾವಾದ ಅಕ್ಷರದಲ್ಲೇ ಮುಂದುವರಿದವು.

ಓಲೆಗರಿಗೆ ಅಲ್ಲಿ ‘ಲೊಂಟಾರ್’ ಎನ್ನುತ್ತಾರೆ. ‘ರೊನ್’ ಎಂದರೆ ಎಲೆ, ‘ತಾಲ್’ ಎಂದರೆ ನಮ್ಮದೇ ತಾಳೆ. ರೊನ್‌ತಾಲ್ ನಾಲಿಗೆಯಲ್ಲಿ ಹೊರಳಿ ಲೊಂಟಾರ್ ಆಯಿತು. ಓದುವ ಗೋಷ್ಠಿಗೆ ‘ಪೆಪಾವೊಸಾನ್’ ಎಂದು ಹೆಸರು. ಒಬ್ಬ ರಾಗವಾಗಿ ಓದುತ್ತಾನೆ, ಇನ್ನೊಬ್ಬ ಸಸಕ್‌ನಲ್ಲಿ ಬಿಡಿಸಿ ಹೇಳುತ್ತಾನೆ. ನಮ್ಮ ಗಮಕಿ ಮತ್ತು ವ್ಯಾಖ್ಯಾನಕಾರರ ಜೋಡಿಯೇ ಸರಿ. ಬಿಡಿಸಿ ಹೇಳುವವನ ಹೆಸರು ‘ಪುಜಂಗ್ಗ’. ಅದು ಸಂಸ್ಕೃತದ ಭುಜಂಗ! ನಮ್ಮ ಕಾವ್ಯಗಳಲ್ಲಿ ಹಾವೋ ವಿಟನೋ ಆಗಿ ಹರಿದಾಡುವ ಭುಜಂಗ ಜಾವಾಕ್ಕೆ ಹೋಗಿ ಪಂಡಿತನಾಗಿದ್ದ. ಅಲ್ಲಿಂದ ಲೊಂಬೊಕ್‌ಗೆ ಬಂದು ವ್ಯಾಖ್ಯಾನ ಹೇಳತೊಡಗಿದ. ಮದುವೆ, ಮುಂಜಿ, ಪ್ರವಾದಿಯ ಹುಟ್ಟುಹಬ್ಬ, ಎಲ್ಲಕ್ಕೂ ಇಂಥ ಓದು ನಡೆಯುತ್ತಿತ್ತು. ರಾತ್ರಿಯಿಡೀ ಕೂತು ಕೇಳುತ್ತಿದ್ದ ರೈತನ ಕಿವಿಗೆ ಕಾವ್ಯದ ರಾಜರು ‘ಮೆನೆ’ ಎಂದದ್ದು ಎಂದೂ ಬೀಳಲಿಲ್ಲ. ದೊಡ್ಡ ಮಾತು ದೊಡ್ಡವರ ಮಾತು ಎಂಬ ತಿಳಿವಳಿಕೆ ಅಪ್ಪಣೆಯಿಂದ ಮಾತ್ರ ಬರುವುದಿಲ್ಲ, ರಾಗದಿಂದಲೂ ಬರುತ್ತದೆ.

ಆಮೇಲೆ ಬಾಲಿ. ಪೂರ್ವ ಬಾಲಿಯ ಕರಂಗಾಸೆಮ್ ಅರಸರು 17ನೇ ಶತಮಾನದಲ್ಲಿ ಕಾಲುವೆ ದಾಟಿ ಲೊಂಬೊಕ್‌ನ ಪಡುವಣದಲ್ಲಿ ಕಾಲೂರಿ, 1740ರ ಹೊತ್ತಿಗೆ ಇಡೀ ದ್ವೀಪದ ಮೇಲೆ ಹಿಡಿತ ಸಾಧಿಸಿದರು. ಆಮೇಲೆ ಅವರವರಲ್ಲೇ ಒಡಕು ಬಂದು, 1838ರ ಯುದ್ಧದ ನಂತರ ಮತರಾಮ್ ಮನೆತನ ಒಂದೇ ಉಳಿಯಿತು. ಆಳುವವರು ಹಿಂದೂಗಳು, ಆಳಿಸಿಕೊಳ್ಳುವವರು ಮುಸಲ್ಮಾನರು. ಮಸೀದಿಗೆ ಹೋಗುವ ಸಸಕ್ ಕುಲೀನ ಬಾಲಿಯ ಅಧಿಕಾರಿಯ ಮುಂದೆ ನಿಂತಾಗ ಅವನ ಸ್ಥಾನ ತನ್ನ ಮುಂದೆ ನಿಲ್ಲುವ ರೈತನ ಸ್ಥಾನದಂತೆಯೇ. ತನಗಿಂತ ಕೆಳಗಿನವನಿಂದ ಕೇಳುತ್ತಿದ್ದ ನಯದ ಮಾತನ್ನು ಈಗ ತಾನು ಮೇಲಿನವನಿಗೆ ಆಡಬೇಕು. ಬಾಲಿಯವರ ಮರ್ಯಾದೆಯ ‘ಇದು-ಅದು’ ಯಾವುವು ಎಂದರೆ ‘ನಿಕಿ’, ‘ನಿಕ’. ಸಸಕ್ ಬಾಯಲ್ಲಿ ಕಡೆಯ ‘ಅ’ ಸಣ್ಣಗಾಗಿ ‘ನಿಕೆ’. ‘ತಿಯಾಂಗ್’ ಕೂಡ ಬಾಲಿಯ ‘ನಾನು’.

1856ರಲ್ಲಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಬಾಲಿಯಿಂದ ಲೊಂಬೊಕ್‌ನ ಅಂಪೆನಾನ್ ಬಂದರಿಗೆ ಬಂದಿಳಿದ. ಇಷ್ಟು ಕಿರಿದಾದ ಕಾಲುವೆಯ ಎರಡು ದಡಗಳಲ್ಲಿ ಹಕ್ಕಿಗಳೇ ಬೇರೆ ಬೇರೆಯಾಗಿರುವುದನ್ನು ಕಂಡು ಬೆರಗಾದ. ಏಷ್ಯಾದ ಪ್ರಾಣಿಗಳು ಬಾಲಿಗೆ ಮುಗಿದು ಲೊಂಬೊಕ್‌ನಿಂದ ಆಸ್ಟ್ರೇಲಿಯಾದ ಬಗೆಯವು ಶುರುವಾಗುತ್ತವೆ ಎಂದು ಅವನು ಎಳೆದ ಗೆರೆಗೆ ಇಂದಿಗೂ ಅವನದೇ ಹೆಸರು. ಹಕ್ಕಿಗಳು ದಾಟಲು ಒಲ್ಲದ ಆ ನೀರನ್ನು ‘ನಿಕಿ’ ನೂರಾರು ವರ್ಷ ಮೊದಲೇ ಆರಾಮವಾಗಿ ದಾಟಿತ್ತು. ಅದಕ್ಕೆ ರೆಕ್ಕೆ ಬೇಕಿರಲಿಲ್ಲ, ದಂಡು ಸಾಕಾಗಿತ್ತು.

ಜಾವಾದಲ್ಲಿ ಇದೇ ‘ನಿಕಿ’ಯ ಸ್ಥಿತಿ ನೋಡಿ. ಅಲ್ಲಿನ ಕೆಳಗಿನ ಮಾತಿನಲ್ಲಿ ದೂರಕ್ಕೆ ಮೂರು ಹಂತ: ಇಕಿ, ಕುವಿ, ಕಯೆ. ನಡುಮಟ್ಟದ ಮಾತಿನಲ್ಲೂ ಮೂರು: ನಿಕಿ, ನಿಕು, ನಿಕ. ಅತಿ ಮೇಲಿನ ‘ಕ್ರಮ’ ಎಂಬ ಮಾತಿನಲ್ಲಿ ಮೂರಕ್ಕೂ ಒಂದೇ ಪದ: ಪುನಿಕ. ಇದು, ಅದು, ಆಚೆಯದು, ಎಲ್ಲವೂ ಪುನಿಕ. ಅರಮನೆಯಲ್ಲಿ ಯಾವುದು ಹತ್ತಿರ ಯಾವುದು ದೂರ ಎಂದು ನಿರ್ಧರಿಸುವ ಅಧಿಕಾರ ಸೇವಕನದಲ್ಲ. ಅವನು ಸುಮ್ಮನೆ ತಲೆಬಾಗಿಸಿ ‘ಪುನಿಕ’ ಎಂದರೆ ದೊರೆ ತನಗೆ ಬೇಕಾದುದನ್ನು ತಾನೇ ನೋಡಿಕೊಳ್ಳುತ್ತಾನೆ. ಬಾಲಿ, ಲೊಂಬೊಕ್‌ಗಳು ಮಾತ್ರ ಅಷ್ಟು ದೂರ ಹೋಗದೆ ನಯದ ಮಾತಿನಲ್ಲೂ ಹತ್ತಿರ-ದೂರದ ವ್ಯತ್ಯಾಸ ಉಳಿಸಿಕೊಂಡವು. ಇನ್ನೂ ಮಜವೆಂದರೆ ಜಾವಾದಲ್ಲಿ ‘ನಿಕಿ’ ಸಂತೆಯವರ, ಹಳ್ಳಿಯವರ ಅರ್ಧ ಮರ್ಯಾದೆಯ ಮಾತು. ಅದೇ ಪದ ಮೂಡಣದ ದ್ವೀಪಗಳಲ್ಲಿ ಕುಲೀನರ ಅಂಗಳದಲ್ಲಿ ಕೂತಿದೆ. ಪದಕ್ಕೆ ಹುಟ್ಟಿನಿಂದ ಬಂದ ದರ್ಜೆ ಯಾವುದೂ ಇಲ್ಲ, ಆಡುವವರು ಕೊಟ್ಟದ್ದೇ ದರ್ಜೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮನುಷ್ಯರ ವಿಷಯದಲ್ಲೂ ಅಷ್ಟೇ ಅಲ್ಲವೇ?

1891ರಲ್ಲಿ ಲೊಂಬೊಕ್ ಆಳುತ್ತಿದ್ದ ಬಾಲಿಯ ಅರಸ ತನ್ನ ಯುದ್ಧಕ್ಕೆ ಸಸಕ್ ಗಂಡಸರನ್ನು ಕಡಲಾಚೆಗೆ ಕಳಿಸಲು ಹೇಳಿದ. ಪ್ರಾಯದವರು ತಿರುಗಿಬಿದ್ದರು, ದಂಗೆ ಮೂಡಣಕ್ಕೂ ಹಬ್ಬಿತು. ಸಸಕ್ ಕುಲೀನರು ಡಚ್ಚರ ನೆರವು ಬೇಡಿದರು. 1894ರಲ್ಲಿ ಡಚ್ಚರ ದಂಡು ಬಂತು. ಆಗಸ್ಟ್ 25ರ ರಾತ್ರಿ ಬಾಲಿಯವರು ಅರಮನೆಯಿದ್ದ ಚಕ್ರನೆಗರದಲ್ಲಿ ಅವರ ಪಾಳೆಯದ ಮೇಲೆ ಬಿದ್ದರು. ವ್ಯಾನ್ ಹ್ಯಾಮ್ ಎಂಬ ಸೇನಾಪತಿ ಸತ್ತ. ನವೆಂಬರ್‌ನಲ್ಲಿ ಡಚ್ಚರು ಮತ್ತೆ ಬಂದು ಚಕ್ರನೆಗರವನ್ನು ನೆಲಸಮ ಮಾಡಿದರು. ಸುಮಾರು 230 ಕಿಲೋ ಬಂಗಾರ, 7000 ಕಿಲೋ ಬೆಳ್ಳಿ ಕೊಳ್ಳೆ ಹೋಯಿತು.

ನನಗೆ ಬಂಗಾರಕ್ಕಿಂತ ಮುಖ್ಯವಾದದ್ದು ಬೇರೆ. ದಂಡಿನ ಜೊತೆ ಬ್ರಾಂಡಿಸ್ ಎಂಬ ಭಾಷಾವಿದ್ವಾಂಸ ಇದ್ದ. ಉರಿಯಲಿದ್ದ ಅರಮನೆಯ ಪುಸ್ತಕ ಭಂಡಾರದಿಂದ ಅವನು ಓಲೆಗರಿಗಳನ್ನು ಹೊರಗೆ ತೆಗೆಸಿದ. ಅದರಲ್ಲಿ ಒಂದು ಕಟ್ಟು, 1365ರಲ್ಲಿ ಪ್ರಪಂಚ ಬರೆದ ಆ ಕಾವ್ಯದ ಪ್ರತಿ! ಸಸಕ್ ಎಂಬ ಹೆಸರನ್ನು ದಾಖಲಿಸಿದ ಜಾವಾದ ಕಾವ್ಯ, ಬಾಲಿಯ ಲಿಪಿಕಾರರ ಕೈಯಿಂದ ಉಳಿದು, ಸಸಕ್ ನೆಲದಲ್ಲೇ ಸಿಕ್ಕಿ, ಡಚ್ಚರ ಲೈಡನ್‌ಗೆ ಹೋಗಿ, 1970ರ ದಶಕದಲ್ಲಿ ಇಂಡೊನೇಷ್ಯಾಕ್ಕೆ ಮರಳಿತು. ಆ ದ್ವೀಪವನ್ನು ಯಾರು ಯಾರು ಆಳಿದರು ಎಂದು ಕೇಳಿದರೆ ಆ ಒಂದು ಕಟ್ಟಿನ ಪ್ರಯಾಣ ಹೇಳಿದರೆ ಸಾಕು.

ಬಾಲಿಯವರನ್ನು ಇಳಿಸಿದ ಡಚ್ಚರು ಮೆಟ್ಟಿಲುಗಳನ್ನು ಕೆಡವಲಿಲ್ಲ. ಕಂದಾಯ ಎತ್ತಲು ಅವರಿಗೆ ಕೈಗಳು ಬೇಕಿದ್ದವು. ಸಸಕ್ ಕುಲೀನರನ್ನೇ ಜಿಲ್ಲೆಗಳ ಮುಖ್ಯಸ್ಥರನ್ನಾಗಿ ಕೂರಿಸಿದರು. ‘ನಿಕಿ’ ಈಗ ಕಡತದ ಮುಂದೆಯೂ ಆಡಬೇಕಾದ ಮಾತಾಯಿತು. ಅದೇ ಆಡಳಿತದ ಬೆನ್ನಿಗೆ ವಿದ್ವಾಂಸರೂ ಬಂದರು. ರೂಲೊಫ್ ಗೋರಿಸ್ 1938ರಲ್ಲಿ ಸಸಕ್-ಡಚ್ ನಿಘಂಟು ಪ್ರಕಟಿಸಿದ. ಆಂಡ್ರೀಸ್ ಟೇವ್ 1951ರಲ್ಲಿ ಲೊಂಬೊಕ್‌ನ ಉಪಭಾಷೆಗಳ ನಕಾಶೆಗಳನ್ನೂ 1958ರಲ್ಲಿ ಅವುಗಳ ಮೇಲಿನ ಅಧ್ಯಯನವನ್ನೂ ಹೊರತಂದ. ರಾಜ್ಯಗಳ ನಕಾಶೆಯಲ್ಲಿ ಅರಮನೆ ಇರುವ ಊರು ದೊಡ್ಡ ಚುಕ್ಕಿ, ಉಳಿದದ್ದು ಬರಿಯ ಬಣ್ಣ. ಮಾತಿನ ನಕಾಶೆಯಲ್ಲಿ ಪ್ರತಿ ಹಳ್ಳಿಗೂ ಒಂದೇ ಅಳತೆಯ ಚುಕ್ಕಿ. ಮುಂದೆ ಪೀಟರ್ ಆಸ್ಟಿನ್ ಮುಂತಾದವರು ಇನ್ನಷ್ಟು ಹತ್ತಿರದಿಂದ ಕೇಳಿ, ಐದು ಎಂಬುದು ಬಾಯಿಲೆಕ್ಕ, ನಿಜವಾಗಿ ಹಳ್ಳಿ ಹಳ್ಳಿಗೂ ವ್ಯತ್ಯಾಸವಿದೆ ಎಂದು ತೋರಿಸಿದರು. ಬರ್ನ್ಡ್ ನೊಟ್‌ಹೋಫರ್ ಅಲುಸ್ ಪದಗಳ ಮೂಲ ಹುಡುಕಿ ಜಾವಾ, ಬಾಲಿಗಳ ಕಡೆಗೇ ಕೈತೋರಿದ. ಬೆರುಗಾಕ್‌ನ ಮೇಷ್ಟ್ರ ಹೆಬ್ಬೆರಳು ತಿರುಗಿದ ದಿಕ್ಕೂ ಅದೇ.

ಇಂದು ಅಲುಸ್ ಪೂರ್ತಿ ಸಿಂಗಾರದಲ್ಲಿ ಕಾಣಿಸಿಕೊಳ್ಳುವುದು ಮದುವೆಯಲ್ಲಿ. ಸಸಕ್ ಪದ್ಧತಿಯಲ್ಲಿ ಹುಡುಗ ಹುಡುಗಿಯನ್ನು ರಾತ್ರಿ ಗುಟ್ಟಾಗಿ ಕರೆದೊಯ್ಯುತ್ತಾನೆ, ಅದು ‘ಮೆರಾರಿಕ್’. ಆಮೇಲೆ ಎರಡು ಕಡೆಯ ಹಿರಿಯರು ಮಾತುಕತೆ ನಡೆಸಿ, ‘ಸೊರೊಂಗ್ ಸೆರಾಹ್ ಅಜಿ ಕ್ರಮ’ ಎಂಬ ಒಪ್ಪಿಸುವ ಶಾಸ್ತ್ರ ಮಾಡುತ್ತಾರೆ. ಎರಡೂ ಪಕ್ಷಕ್ಕೆ ಒಬ್ಬೊಬ್ಬ ವಕ್ತಾರ, ‘ಪೆಂಬಾಯುನ್’. ಚಾಪೆಯ ಮೇಲೆ ಎದುರುಬದುರು ಕೂತು ಅವರು ಆಡುವುದು ಸಸಕ್ ಅಲುಸ್ ಮತ್ತು ಹಳೆಯ ಜಾವಾ ಮಾತಿನ ಬೆರಕೆ. ಅಲ್ಲಿ ‘ಅಜಿ ಕ್ರಮ’ ಎಂಬ ಅಂಕಿಯೊಂದನ್ನು ಎಲ್ಲರ ಮುಂದೆ ಸಾರುತ್ತಾರೆ. ಸಾಮಾನ್ಯರಿಗೆ 33, ಲಾಲು ಮನೆತನಕ್ಕೆ 66, ರಾಡೆನ್‌ಗೆ 100 ಎಂಬುದು ಸಾಮಾನ್ಯವಾಗಿ ಕೇಳಿಬರುವ ಲೆಕ್ಕ. ಸೀಮೆಯಿಂದ ಸೀಮೆಗೆ ಬದಲಾಗುವುದುಂಟು. ಅಂಕಿ ಹಣವಲ್ಲ, ಅಂತಸ್ತು. ಶಾಸ್ತ್ರ ತಪ್ಪಿದರೆ ದಂಡ ತೆರಬೇಕು. ಅದರ ಹೆಸರು ‘ದೆದೋಸಾನ್’, ಒಳಗೆ ನಮ್ಮ ದೋಷವೇ ಕೂತಿದೆ. ಕುಲೀನರ ಮನೆಯ ಹೆಣ್ಣು ಸಾಮಾನ್ಯನನ್ನು ಮೆಚ್ಚಿ ಹೋದರೆ ಹಿಂದೆ ತವರಿನ ಬಾಗಿಲೇ ಮುಚ್ಚುತ್ತಿತ್ತು. ಅವಳ ಮಕ್ಕಳು ಅಪ್ಪನನ್ನು ‘ಅಮಾಕ್’ ಎನ್ನುವವರು, ‘ಮಮಿಕ್’ ಎನ್ನುವವರಲ್ಲ.

ಈ ಏಣಿಗೆ ಪಕ್ಕದಲ್ಲಿ ಇನ್ನೊಂದು ಏಣಿ ಹಾಕಿದ್ದು ಮದರಸ. ಮೆಕ್ಕಾಕ್ಕೆ ಹೋಗಿ ಬಂದ ರೈತನ ಮಗನಿಗೆ ‘ತುವಾನ್’ ಎಂಬ ಬಿರುದು. ಕಲಿತು ಕಲಿಸುವವನು ‘ತುವಾನ್ ಗುರು’. ಮೂಡಣ ಲೊಂಬೊಕ್‌ನ ಪಂಚೋರ್‌ನಲ್ಲಿ ಝೈನುದ್ದೀನ್ ಅಬ್ದುಲ್ ಮಜೀದ್ ಎಂಬ ತುವಾನ್ ಗುರು 1937ರಲ್ಲಿ ಗಂಡುಮಕ್ಕಳಿಗೆ, 1943ರಲ್ಲಿ ಹೆಣ್ಣುಮಕ್ಕಳಿಗೆ ಮದರಸ ತೆರೆದರು; 1953ರಲ್ಲಿ ‘ನಹ್ದಲತುಲ್ ವತನ್’ ಸಂಸ್ಥೆ ಕಟ್ಟಿದರು. 2017ರಲ್ಲಿ ಇಂಡೊನೇಷ್ಯಾ ಅವರನ್ನು ರಾಷ್ಟ್ರವೀರರೆಂದು ಗೌರವಿಸಿತು. ತುವಾನ್ ಗುರುಗಳ ಮುಂದೆ ಲಾಲು ಕೂಡ ‘ನಿಕಿ’ ಎನ್ನಬೇಕಾಯಿತು. ಪದ ಅದೇ, ಕೇಳುವ ಕಿವಿ ಮಾತ್ರ ಬೇರೆ. ಹುಟ್ಟಿಗೆ ಸಲ್ಲುತ್ತಿದ್ದ ಮಾತು ಓದಿಗೂ ಸಂದಿತು. ಅತ್ತ ‘ಮಮಿಕ್’ ಎಂಬ ಕೂಗೂ ಬೇಲಿ ಹಾರಿದೆ. ಈಗ ಎಷ್ಟೋ ಸಾಮಾನ್ಯರ ಮನೆಯ ಮಕ್ಕಳು ಅಪ್ಪನನ್ನು ಹಾಗೇ ಕರೆಯುತ್ತಾರೆ. ಲಾಲು ಮೇಷ್ಟ್ರಿಗೆ ಇದು ಅಷ್ಟೇನೂ ರುಚಿಸಿದಂತೆ ಕಾಣಲಿಲ್ಲ. ‘ಎಲ್ಲರೂ ಮಮಿಕ್ ಆದರೆ ಯಾರೂ ಮಮಿಕ್ ಅಲ್ಲ, ಇಬು’ ಎಂದರು. ಅವರ ಕೊರಗಿನಲ್ಲಿ ನ್ಯಾಯವಿದೆಯೋ ಇಲ್ಲವೋ, ಗಣಿತವಂತೂ ಇದೆ.

ಮೂರನೆಯ ದಾರಿ ಇಂಡೊನೇಷ್ಯನ್ ಭಾಷೆ. 1928ರಲ್ಲಿ ಯುವಜನರ ಪ್ರತಿಜ್ಞೆಯಲ್ಲಿ ಒಂದುಗೂಡಿಸುವ ಭಾಷೆಯೆಂದು ಅದನ್ನು ಆರಿಸಿದರು. 1945ರಲ್ಲಿ ಸ್ವಾತಂತ್ರ್ಯದ ಜೊತೆ ಅದು ನಾಡಿನ ಭಾಷೆಯಾಯಿತು. ಜನಸಂಖ್ಯೆಯಲ್ಲಿ ದೊಡ್ಡದಾದ ಜಾವಾ ಭಾಷೆಯನ್ನು ಬಿಟ್ಟು ಮಲಯ್ ಮೂಲದ ಇದನ್ನು ಹಿಡಿಯಲು, ಜಾವಾದ ಮೆಟ್ಟಿಲುಗಳು ಇದರಲ್ಲಿ ಇಲ್ಲದಿದ್ದದ್ದೂ ಒಂದು ಕಾರಣ. ಅದಕ್ಕೂ ಮೊದಲೇ, 1917ರಲ್ಲಿ, ಜಾವಾದ ಸುರಬಾಯದಲ್ಲಿ ‘ಜಾವಾ ದ್ವೀಪ’ ಎಂಬ ಚಳವಳಿಯವರು ಮೇಲಿನ ಮಾತನ್ನೇ ಬಿಟ್ಟು ಎಲ್ಲರೂ ಎಲ್ಲರಿಗೂ ಕೆಳಗಿನ ಮಾತು ಆಡೋಣ ಎಂದು ಹೊರಟು ಸೋತಿದ್ದರು. ಮೆಟ್ಟಿಲು ಕೆಡವುವುದಕ್ಕಿಂತ ಬೇರೆ ಮನೆಗೆ ಹೋಗುವುದು ಸುಲಭವೆಂದು ಕಂಡಿರಬೇಕು. ಇಂಡೊನೇಷ್ಯನ್‌ನಲ್ಲಿ ‘ಇದು’ ಎಂದರೆ ‘ಇನಿ’, ‘ಅದು’ ಎಂದರೆ ‘ಇತು’. ಮಂತ್ರಿಗೂ ಅಷ್ಟೇ, ಮೂಟೆ ಹೊರುವವನಿಗೂ ಅಷ್ಟೇ. ಮತರಾಮ್ ಪೇಟೆಯಲ್ಲಿ ಗುರುತಿಲ್ಲದ ಇಬ್ಬರು ಸಸಕ್ ಹುಡುಗರು ಎದುರಾದರೆ ‘ಇನಿ-ಇತು’ವಿನಲ್ಲೇ ಮಾತು ಶುರುಮಾಡುತ್ತಾರೆ. ಎದುರಿನವನು ಲಾಲುವೋ ಅಲ್ಲವೋ ತಿಳಿಯದೆ ‘ಮೆನೆ’ ಎಂದರೆ ಒರಟು, ‘ನಿಕಿ’ ಎಂದರೆ ಸೋಲು. ಎರಡೂ ಬೇಡದವರಿಗೆ ‘ಇನಿ’ ಇದೆ.

ಮೇಲೇರಲು ಹೊರಗಿನ ಪದ ಬೇಕಾಗಿತ್ತು. ಸಮಾನರಾಗಲೂ ಹೊರಗಿನ ಪದವೇ ಬೇಕಾಯಿತು. ಈ ನಡುವೆ ಸಸಕ್ ಉಳಿಸಬೇಕು, ಶಾಲೆಯಲ್ಲಿ ಕಲಿಸಬೇಕು ಎಂಬ ಮಾತು ದ್ವೀಪದಲ್ಲಿ ಜೋರಾಗಿದೆ. ಒಳ್ಳೆಯದೇ. ಆದರೆ ಹಾಗೆ ಹೇಳುವ ಬಹಳ ಜನರ ಮನಸ್ಸಿನಲ್ಲಿರುವ ಸಸಕ್ ಎಂದರೆ ಅಲುಸ್. ಪಾಠದಲ್ಲಿ ಬರುವುದು ‘ತಿಯಾಂಗ್’, ‘ನಿಕಿ’, ಪೆಂಬಾಯುನ್‌ನ ಭಾಷಣ. ಮನೆಯಲ್ಲಿ ಆಡುವುದು ‘ಕಸರ್’, ಒರಟು, ಎಂದು ಮಕ್ಕಳೇ ನಾಚುತ್ತಾರೆ. ಬಾಲಿಯ ಅರಸರು, ಡಚ್ಚರ ಮುಖ್ಯಸ್ಥರು ಕಲಿಸಿದ ನಾಚಿಕೆಯನ್ನು ಈಗ ಅಭಿಮಾನದ ಹೆಸರಿನಲ್ಲಿ ಮತ್ತೆ ಕಲಿಸುವುದು ನನಗೆ ಒಪ್ಪಿಗೆಯಿಲ್ಲ. ಗ್ರಂಥದ ಕಟ್ಟಿನಲ್ಲಿ ಚೆನ್ನಾಗಿ ಬರೆದ ಗರಿಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಸುಟರೆ ಆ ಕಟ್ಟಿಗೆ ನಾನು ‘ಅಸಮಗ್ರ’ ಎಂದು ಷರಾ ಬರೆಯುತ್ತೇನೆ. ‘ನಿಕಿ’ಯನ್ನು ಕಲಿಸಲಿ; ಅದು ಎಲ್ಲಿಂದ, ಯಾರ ದಂಡಿನ ಜೊತೆ ಬಂತು ಎಂಬುದನ್ನೂ ಕಲಿಸಲಿ. ಅದೇ ಪುಟದಲ್ಲಿ ಬಾಯಾನ್‌ನ ಮಗುವಿಗೆ ಅದರ ‘ಕುತೊ-ಕುತೆ’ ಸಿಗಲಿ, ಪುಜುತ್‌ನ ಮಗುವಿಗೆ ‘ಮೆರಿಯಾಕ್-ಮೆರಿಕು’. ದ್ವೀಪದ ಸೀಮೆಗಳಿಗೆ ಹೆಸರಾಗುವಷ್ಟು ಗಟ್ಟಿಯಾದ ಪದಗಳು ಪಾಠಪುಸ್ತಕದ ಒಂದು ಸಾಲಿಗೆ ಅನರ್ಹವೇನಲ್ಲ.